ಮಂಕಾಳಿ ಎಲೆ ಕಿತ್ತದ್ದು

ಸೆಕೆ ವರ್ಷವಿಡೀ ಏರಿ ಹೆಂಚಿನ ಮನೆಗಳೆಲ್ಲ ಹಗಲಲ್ಲಿ ಒಲೆಯಾದ ಮೇಲೆ ಬಂದರುಕೇರಿಯವರು ಕಾಡುಬಾದಾಮಿ ಮರಗಳ ಕೆಳಗೆ ಸಂಸಾರ ಹೂಡಿದರು. ಛತ್ರಿಯ ಮೇಲೆ ಛತ್ರಿ ಇಟ್ಟಂತೆ ಹರಡಿದ ಆ ನೆರಳಿನಲ್ಲೇ ಅಡುಗೆ, ನಿದ್ದೆ, ಜಗಳ. ತೊಂದರೆಯೆಲ್ಲ ಮಾಘದಲ್ಲಿ. ಆಗ ಮರಗಳು ಒಟ್ಟಿಗೇ ಕೆಂಪಾಗಿ ಎಲೆ ಉದುರಿಸುತ್ತವೆ, ಕೇರಿಯೆಲ್ಲ ಮೀನಿನ ಗೋದಾಮಿನೊಳಗೆ ಒತ್ತೊತ್ತಾಗಿ ಬಿದ್ದುಕೊಳ್ಳುತ್ತದೆ.

ಮಂಕಾಳಿಯ ಮಗಳ ಹೆರಿಗೆಯೂ ಮಾಘದಲ್ಲೇ. ಗೋದಾಮಿನ ನೂಕುನುಗ್ಗಲಲ್ಲಿ ಮಗು ಹುಟ್ಟುವುದು ಬೇಡವೆಂದು ಮಂಕಾಳಿ ಪುಷ್ಯದಲ್ಲೇ ತನ್ನ ಮರ ಹತ್ತಿ ಹಸಿರೆಲೆ ಕೀಳತೊಡಗಿದಳು.

"ಹುಚ್ಚು ಹಿಡೀತೇನೆ? ಮರ ಸಾಯ್ತದೆ!" ಪಕ್ಕದ ಮರದಡಿಯಿಂದ ಬೀರಕ್ಕ ಕೂಗಿದಳು.

"ಸಾಯೂದಿಲ್ಲ. ಮೀನು ತೊಳೆದ ನೀರು ಕುಡ್ದು ಬೆಳೆದ ಮರ. ಈಗ್ಲೇ ಬೋಳಾದ್ರೆ ಮಾಘಕ್ಕೆ ಹೊಸ ಎಲೆ ಹೊದ್ದು ನಿಲ್ತದೆ, ನೋಡು."

"ಅಲ್ಲೀವರೆಗೆ ಎಲ್ಲಿ ಕೂರ್ತೀರಿ?"

"ನಿನ್ನ ಮರದಡಿ. ಬೋಳು ಮರದವರಿಗೆ ನೆರಳಿಲ್ಲ ಅನ್ನೂಹಾಗಿಲ್ಲ. ಕೇರಿ ಪದ್ಧತಿ ಮರ್ತೋಯ್ತಾ?"

ಬೀರಕ್ಕ ಗೊಣಗುತ್ತಲೇ ಚಾಪೆ ಸರಿಸಿದಳು.

ಕೆಲ ವಾರಗಳಲ್ಲಿ ಬೋಳು ಕೊಂಬೆಗಳ ತುದಿಯಲ್ಲಿ ಅಂಗೈಯಗಲದ ಚಿಗುರು ಬಿಚ್ಚಿತು. ತನಗೂ ಗೋದಾಮು ತಪ್ಪಲಿ ಎಂದು ಬೀರಕ್ಕ ಸೆರಗು ಬಿಗಿದು ತನ್ನ ಮರ ಹತ್ತಿದಳು. ಮಂಕಾಳಿ ಓಡಿಬಂದು ಅವಳ ಕಾಲು ಹಿಡಿದೆಳೆದಳು.

"ಇಳಿಯೇ! ನಂದಿನ್ನೂ ನೆರಳು ಕೊಡೂದಿಲ್ಲ. ಎರಡೂ ಬೋಳಾದ್ರೆ ಬಸುರಿ ಎಲ್ಲಿ ಕೂರ್ಬೇಕು?"

"ಮತ್ತೆ ಮಾಘದಲ್ಲಿ ನಾನು ಗೋದಾಮಲ್ಲಿ ಸಾಯ್ಬೇಕಾ?"

"ನನ್ನ ಮರದಡಿ ಬಾ. ಬಾಣಂತಿಗೆ ನೀರು ಕಾಯ್ಸೂಕೆ ಜನ ಬೇಕು."