ಏಟಿಗೊಂದು ತಿದ್ದುಪಡಿ

ಚಟೀರ್ ಎಂಬ ಸದ್ದು ಗೋಡೆ ದಾಟಿ, ಪಕ್ಕದ ಮನೆಯಲ್ಲಿ ಚಹಾ ಕುಡಿಯುತ್ತಿದ್ದ ಮಚ್ಛೇಂದ್ರನ ಕಿವಿಗೂ ಬಿತ್ತು. ಅದರ ಹಿಂದೆಯೇ ಒಂಬತ್ತು ವರ್ಷದ ಸುವರ್ಣಾಳ ಅಳು. ಅವಳ ಅಪ್ಪ, ವಕೀಲ ಶಿವರಾಜಪ್ಪ, ಎದ್ದು ಮೊದಲು ಮಾಡಿದ ಕೆಲಸವೆಂದರೆ ಕಿಟಕಿ ಮುಚ್ಚಿದ್ದು.

ಮುಚ್ಚದೆ ಗತಿಯಿರಲಿಲ್ಲ. ಇನ್ನೆರಡು ತಾಸಿಗೆ ಭಾಲ್ಕಿಯಲ್ಲಿ ಚರ್ಚೆ. ಹೆತ್ತವರು ಮಕ್ಕಳನ್ನು ಹೊಡೆಯುವುದನ್ನು ಕಾಯ್ದೆ ತಂದು ನಿಷೇಧಿಸಬೇಕೇ ಎಂಬುದು ವಿಷಯ. ಬೇಡ ಎನ್ನುವವರ ಮುಂದಾಳು ಶಿವರಾಜಪ್ಪ. ಬೇಕು ಎನ್ನುವವನು ಇದೇ ಮಚ್ಛೇಂದ್ರ. ಗೆದ್ದವನನ್ನು ಕಾಯ್ದೆಯ ಕರಡು ಬರೆಯುವ ಬೆಂಗಳೂರಿನ ಸಮಿತಿಯ ಮುಂದೆ ಮಾತಾಡಲು ಕಳಿಸುವುದಾಗಿ ಚರ್ಚೆ ಏರ್ಪಡಿಸಿದ ಸಂಘದವರು ಹೇಳಿದ್ದರು. ಬೀದರಿನ ಕೋರ್ಟಿನಲ್ಲಿ ಜಾಮೀನು ಅರ್ಜಿಯಾಚೆ ಬಾಯಿ ತೆರೆಯದ ನಮ್ಮ ವಕೀಲರು ಅದಕ್ಕೆಂದೇ ಹೊಸ ಕರಿ ಕೋಟು ಹೊಲಿಸಿದ್ದರು.

ಭಾಷಣವೇನೋ ಗಟ್ಟಿಯಾಗಿತ್ತು. ಹಿಂದಿನ ಸಂಜೆ ಔರಾದದಿಂದ ಬಸ್ಸಿಳಿದು ಬಂದ ತಾಯಿ ಲಲಿತಾಬಾಯಿಯನ್ನು ಎದುರಿಗೆ ಕೂರಿಸಿಕೊಂಡು ಪೂರ್ತಿ ಓದಿದ್ದ. ಹೆತ್ತವರ ಕೈ ಮಕ್ಕಳಿಗೆ ಆಶೀರ್ವಾದ, ಅದಕ್ಕೆ ಯಾವ ಕಾಯ್ದೆಯೂ ಅಡ್ಡ ಬರಬಾರದು ಎಂಬ ಸಾಲಿಗೆ ಮುದುಕಿ ತಲೆದೂಗಿದಳು. ಅವಳು ಇವನ ಮಾತಿಗೆ ತಲೆದೂಗಿದ್ದು ಬಹುಶಃ ಅದೇ ಮೊದಲು. ಆ ಖುಷಿಗೆ ಶಿವರಾಜಪ್ಪನಿಗೆ ನಿದ್ದೆ ಹತ್ತಿದ್ದು ಬೆಳಗಿನ ಜಾವಕ್ಕೆ. ಎದ್ದಾಗ ಎಲ್ಲ ತಡವಾಗಿತ್ತು.

ಈಗ ಮೇಜಿನ ಮೇಲೆ ಅರ್ಧ ತಿಂದ ಮಂಡಕ್ಕಿ ಸುಸಲಾದ ತಟ್ಟೆ. ಬಾಗಿಲಲ್ಲಿ ಬಿಕ್ಕುವ ಮಗಳು. ದೇವರ ಕೋಣೆಯಿಂದ ಎದ್ದು ಬಂದಿದ್ದ ಲಲಿತಾಬಾಯಿ ವಿಭೂತಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ತನ್ನನ್ನು ಆಯಿ ಎಂದು ಕರೆಯುವ ಮೊಮ್ಮಗಳನ್ನು ತಬ್ಬಿಕೊಂಡಳು. ಶಿವರಾಜಪ್ಪ ಮಗಳ ಮುಂದೆ ಮಂಡಿಯೂರಿದ.

"ಯಾರ ಮುಂದೂ ಹೇಳಬ್ಯಾಡವ್ವಾ. ಭಾಲ್ಕ್ಯಾಗ ಐಸ್‌ಕ್ರೀಮ್ ಕೊಡಸ್ತೇನಿ."

ಮಗಳನ್ನು ಮನೆಯಲ್ಲೇ ಬಿಟ್ಟು ಹೋಗುವ ಆಸೆ ಅವನಿಗಿತ್ತು. ತಾಯಿ ಬಿಡಬೇಕಲ್ಲ. ಅಪ್ಪನ ಭಾಷಣ ಮಗಳು ಕೇಳಲೇಬೇಕೆಂದು ಹಟ ಹಿಡಿದು ಕಾರು ಹತ್ತಿಸಿದಳು.

ಪೆಟ್ಟು ಬಿದ್ದರೇನು, ತಾಸಿನೊಳಗೆ ಮರೆತುಹೋಗುತ್ತದೆ ಎಂದು ಭಾಷಣದಲ್ಲಿ ತಾನೇ ಬರೆದಿದ್ದ. ತಾಸು ದಾಟಿ ಭಾಲ್ಕಿ ಬಂತು. ಮರೆತಿರಲಿಲ್ಲ. ಬರೆದವನು ಎಂಥ ದಡ್ಡ ಎಂದು ಶಿವರಾಜಪ್ಪ ತನ್ನನ್ನೇ ಬೈದುಕೊಂಡ.

ಸಭೆಯಲ್ಲಿ ಹಲ್ಲುನೋವೆಂದು ಹೇಳಿ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡು ಕೂತ. ಹಣೆ ಬೋಳಾಗಿತ್ತು. ವಿಭೂತಿ ಇದ್ದದ್ದು ಹೊಸ ಕೋಟಿನ ಕಾಲರಿನ ಮೇಲೆ. ಮಚ್ಛೇಂದ್ರ ಅದನ್ನು ಗಮನಿಸಲಿಲ್ಲ. ಅವನ ಕಣ್ಣೆಲ್ಲ ಮೊದಲ ಸಾಲಿನಲ್ಲಿ ಕೂತ ಸುವರ್ಣಾಳ ಅತ್ತು ಬಾತ ಮುಖದ ಮೇಲೆ. ತನ್ನ ಸರದಿ ಬಂದಾಗ ಬೇರೇನೂ ವಾದಿಸದೆ ಒಂದೇ ಪ್ರಶ್ನೆ ಹಾಕಿದ.

"ವಕೀಲ್ರ, ಇವತ್ತ ಮುಂಜಾನಿ ನಿಮ್ಮ ಮನ್ಯಾಗ ಏಟು ಬಿದ್ದದ್ದು ಖರೆ ಅದನೋ ಇಲ್ಲೋ?"

ಶಿವರಾಜಪ್ಪ ಎದ್ದ. ಮೊದಲ ಸಾಲಿನಲ್ಲಿ ತಾಯಿ ಆಶೀರ್ವಾದದ ಆ ಸಾಲಿಗಾಗಿಯೇ ಹೆಮ್ಮೆಯಿಂದ ಕಾಯುತ್ತಿದ್ದಳು. ಮಗಳು ನೆಲ ನೋಡುತ್ತಿದ್ದಳು. ಅವನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಬೆಂಗಳೂರು ಕೈಬಿಟ್ಟಿತು ಎಂದುಕೊಂಡು ಭಾಷಣ ಮಡಚಿ ಜೇಬಿಗಿಟ್ಟ.

"ಖರೆ ಅದರಿ. ಭಾಳ ನೋಯ್ತದರಿ."

ನನ್ನ ವಿರೋಧ ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಕಾಯ್ದೆ ಬೇಗ ಬರಲಿ ಎಂದ. ಒಂದೇ ಒಂದು ತಿದ್ದುಪಡಿ ಬೇಕು, ಮಕ್ಕಳೆಂದರೆ ಹದಿನೆಂಟು ತುಂಬದವರು ಎಂಬ ಮಿತಿ ತೆಗೆಯಬೇಕು ಎಂದೂ ಸೇರಿಸಿದ. ಮಚ್ಛೇಂದ್ರನಿಗೆ ಗೆದ್ದ ಖುಷಿಗಿಂತ ಗೊಂದಲವೇ ಜಾಸ್ತಿಯಾಯಿತು. ಈ ತಿದ್ದುಪಡಿ ಯಾಕೆ ಎಂದು ಕೇಳಿದ. ವಕೀಲರು ಕರವಸ್ತ್ರವನ್ನು ಕೆನ್ನೆಗೆ ಇನ್ನಷ್ಟು ಒತ್ತಿಕೊಂಡರು. ಐಸ್‌ಕ್ರೀಮಿನ ಆಸೆ ಬಿಟ್ಟು ಸುವರ್ಣಾಳೇ ಎದ್ದು ನಿಂತಳು.

"ಲಿಂಗಪೂಜಿ ಮಾಡಲಾರದೆ ಸುಸಲಾ ತಿಂದದ್ದಕ್ಕ ಆಯಿ ಹೊಡದದ್ದು ನನಗಲ್ರಿ, ಪಪ್ಪಾಗ."