ಎರಡನೇ ರಿಸೀವರ್

ಮಂಚದ ಕೆಳಗೆ ಇರಲಿಲ್ಲ. ಬಟ್ಟೆಯ ಬೀರುವಿನಲ್ಲಿ ಇರಲಿಲ್ಲ. ನೆಲಮಾಳಿಗೆಯ ಉಪ್ಪಿನಕಾಯಿ ಜಾಡಿಗಳ ಹಿಂದೆಯೂ ಇರಲಿಲ್ಲ. ರೋವೀನಾ ಮೊಣಕಾಲಿನ ಧೂಳು ಕೊಡವಿಕೊಂಡು ಮತ್ತೆ ಟೀವಿಯ ಮುಂದೆ ಬಂದು ನಿಂತಳು. ಪರದೆಯ ಮೇಲಿನ ಸೂಚನೆ ಹಾಗೇ ಇತ್ತು.

'ನಿಮ್ಮ ಖಾತೆಯಲ್ಲಿ ಎರಡು ರಿಸೀವರ್‌ಗಳಿವೆ. ಎರಡನ್ನೂ ಮನೆಯ ಫೋನ್ ಲೈನಿಗೆ ಜೋಡಿಸಿ. ತಪ್ಪಿದರೆ ಹೆಚ್ಚುವರಿ ಶುಲ್ಕ ಬೀಳುತ್ತದೆ.'

ಎರಡು! ಈ ಮನೆಯಲ್ಲಿ ಇದ್ದದ್ದು ಟೀವಿಯ ಪಕ್ಕದ ಆ ಒಂದೇ ಡಿಶ್ ಪೆಟ್ಟಿಗೆ. ಆರು ವರ್ಷದ ಹಿಂದೆ, ಮದುವೆಯಾದ ವಾರದಲ್ಲೇ ವೆಂಡೆಲ್ ಅದನ್ನು ತಂದಿದ್ದ. ಕಂಪನಿಯವರನ್ನು ಕರೆಸದೆ ತಾನೇ ಸೂರು ಹತ್ತಿ ಡಿಶ್ ಕೂರಿಸಿದ್ದ. ವೆಸ್ಟ್ ವರ್ಜೀನಿಯಾದ ಆ ಕಣಿವೆಗೆ ಕೇಬಲ್ ಬರುವ ಮಾತೇ ಇರಲಿಲ್ಲ. ಅವನು ಗ್ಯಾಸ್ ಪೈಪ್‌ಲೈನ್ ಕೆಲಸವೆಂದು ಪಕ್ಕದ ರಾಜ್ಯ ಓಹಿಯೋಗೆ ಹೋದರೆ ಎರಡು ವಾರ ಇತ್ತ ಮುಖ ಹಾಕುತ್ತಿರಲಿಲ್ಲ. ಅಷ್ಟು ದಿನವೂ ಅವಳಿಗೆ ಆ ಟೀವಿಯೇ ಜೊತೆ.

ಪಕ್ಕದ ಮನೆಯ ಟ್ವೈಲಾ ಕಾಫಿ ಲೋಟ ಹಿಡಿದುಕೊಂಡೇ ಬಂದಳು. ಪರದೆ ಓದಿ ನಕ್ಕಳು.

"ಅಯ್ಯೋ ಪೆದ್ದಿ, ಇದು ಗೊತ್ತಿಲ್ವಾ? ಒಂದೇ ಮನೇಲಿ ಎರಡನೇದು ಇಟ್ಕೊಂಡ್ರೆ ತಿಂಗಳಿಗೆ ಐದೇ ಡಾಲರ್. ಬೇರೆ ಮನೆಗಾದ್ರೆ ಪೂರ್ತಿ ಚಂದಾ ಕಟ್ಬೇಕು. ಅದಕ್ಕೇ ಜನ ತಮ್ಮ ಹೆಸರಲ್ಲಿ ಎರಡು ತಗೊಂಡು, ಒಂದನ್ನ ಬೇಕಾದೋರ ಮನೇಲಿ ಇಡ್ತಾರೆ. ನಮ್ದು ನನ್ನ ಮೈದುನನ ಹತ್ರ ಇಲ್ವಾ?"

"ಕಂಪನಿಗೆ ಗೊತ್ತಾಗಲ್ವಾ?"

"ಫೋನ್ ತಂತಿ ಚುಚ್ಚಿದ್ರೆ ತಾನೇ ಗೊತ್ತಾಗೋದು! ಚುಚ್ಚಿದ್ರೆ ಆ ಪೆಟ್ಟಿಗೆ ತಾನೇ ಕಂಪನಿಗೆ ಫೋನ್ ಮಾಡಿ, ಇಂಥ ನಂಬರಿನ ಮನೇಲಿದೀನಿ ಅಂತ ಚಾಡಿ ಹೇಳುತ್ತೆ. ಅದಕ್ಕೇ ಈ ಕಣಿವೇಲಿ ಯಾರೂ ಚುಚ್ಚಲ್ಲ." ಟ್ವೈಲಾ ದನಿ ತಗ್ಗಿಸಿದಳು. "ಈಗ ಹೇಳು. ನಿನ್ನ ಗಂಡಂಗೆ ಅಷ್ಟು ಬೇಕಾದೋರು ಯಾರು?"

ವೆಂಡೆಲ್‌ಗೆ ಅಣ್ಣತಮ್ಮಂದಿರಿಲ್ಲ. ಅಪ್ಪ ಅಮ್ಮ ತೀರಿಕೊಂಡಿದ್ದರು. ಹಾಗೆಂದು ಅವನೇ ಹೇಳಿದ್ದ. ತಾಯಿಯ ಆರೈಕೆಯಲ್ಲೇ ವಯಸ್ಸು ಕಳೆದು, ನಲವತ್ತನಾಲ್ಕಕ್ಕೆ ರೋವೀನಾಳಿಗೆ ಸಿಕ್ಕ ಸಂಸಾರ ಇದು. ಊರಿನವರ ಕುಹಕವನ್ನೆಲ್ಲ ನುಂಗಿಕೊಂಡು ಆದ ಮದುವೆ. ಇದು ಕೈತಪ್ಪುವುದನ್ನು ನೆನೆದರೇ ಅವಳಿಗೆ ಭಯವಾಗುತ್ತಿತ್ತು.

ಶನಿವಾರ ವೆಂಡೆಲ್ ಬಂದ. ಅವಳು ಬೀನ್ಸ್ ಸಾರು, ಜೋಳದ ಬ್ರೆಡ್ಡು ಬಡಿಸಿ ಎದುರಿಗೆ ಕೂತಳು.

"ನಮ್ಮವು ರಿಸೀವರ್ ಎಷ್ಟಿವೆ?"

ಬಾಯಿಗೆ ಹೊರಟ ಚಮಚ ಅರ್ಧಕ್ಕೇ ನಿಂತಿತು. "ಒಂದು. ನಿಂಗೆ ಮೂಗು ಎಷ್ಟಿದೆ?"

"ಟೀವೀಲಿ ಎರಡು ಅಂತ ಬರ್ತಿದೆ."

"ಕಂಪ್ಯೂಟರ್ ತಪ್ಪು, ಬಿಡು. ನೀನು ಫೋನ್ ತಂತಿಗಿಂತಿ ಚುಚ್ಚೋಕೆ ಹೋಗ್ಬೇಡ. ಸಿಡಿಲು ಅದ್ರಲ್ಲೇ ಮನೆಯೊಳಗೆ ಬರುತ್ತೆ."

ತಂತಿಯ ಮಾತನ್ನು ಅವಳು ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಆದರೂ ಅವಳು ಇನ್ನೊಂದು ತುಂಡು ಬ್ರೆಡ್ಡು ಹಾಕಿದಳು. ಅವನು ತಲೆಯೆತ್ತದೆ ತಿಂದ.

ಆಮೇಲಿನ ದಿನವೆಲ್ಲ ಅವಳ ಕಣ್ಣ ಮುಂದೆ ಆ ಇನ್ನೊಬ್ಬಳೇ. ಯಾವಳೋ ಒಬ್ಬಳು ಸೋಫಾದ ಮೇಲೆ ಕಾಲು ಚಾಚಿ, ರೋವೀನಾಳ ಗಂಡ ತಂದುಕೊಟ್ಟ ಪೆಟ್ಟಿಗೆಯಲ್ಲಿ, ರೋವೀನಾ ನೋಡುವ ಧಾರಾವಾಹಿಯನ್ನೇ ನೋಡುತ್ತಿದ್ದಾಳೆ! ಮನೆಮುರುಕಿ. ಗಂಡನುಳ್ಳ ಹೆಣ್ಣಿನ ಬಾಳಿಗೆ ಕೈ ಹಾಕಲು ಇವರಿಗೆ ನಾಚಿಕೆಯಾದರೂ ಹೇಗೆ ಆಗುವುದಿಲ್ಲ? ಅಂಥವಳು ಎದುರು ಸಿಕ್ಕರೆ ಆಡಬೇಕಾದ ಮಾತನ್ನೆಲ್ಲ ರೋವೀನಾ ಪಾತ್ರೆ ತೊಳೆಯುತ್ತ ಬಾಯಿಪಾಠ ಮಾಡಿದಳು. ಗಂಡನನ್ನು ಬಿಡುವುದಿಲ್ಲ, ಅವಳನ್ನು ಬಿಡಿಸುತ್ತೇನೆ ಎಂದು ನಿಶ್ಚಯಿಸಿದಳು.

ಸೋಮವಾರ ವೆಂಡೆಲ್‌ನ ಟ್ರಕ್ಕು ತಿರುವು ದಾಟಿದ ಕೂಡಲೇ ಅವಳು ಅಡುಗೆಮನೆಯ ಗೋಡೆಯಿಂದ ಫೋನ್ ತಂತಿ ಎಳೆದು ಪೆಟ್ಟಿಗೆಯ ಹಿಂದಕ್ಕೆ ಚುಚ್ಚಿದಳು. ಅವಳ ಲೆಕ್ಕಾಚಾರ ಸರಳವಾಗಿತ್ತು. ತನ್ನ ಪೆಟ್ಟಿಗೆ ಸರಿಯಾದ ಮನೆಯಲ್ಲಿದೆ ಎಂದು ಕಂಪನಿಗೆ ಖಾತ್ರಿಯಾದರೆ, ಕಳ್ಳಮನೆಯದು ತಾನಾಗಿ ಸಿಕ್ಕಿಬೀಳುತ್ತದೆ. ಟ್ವೈಲಾ ಕೂಡ ಕಿಟಕಿಯಿಂದಲೇ ಶಹಬ್ಬಾಸ್ ಎಂದಳು.

ಬುಧವಾರ ಟೀವಿ ಕಪ್ಪಾಯಿತು. ಕಂಪನಿಗೆ ಫೋನ್ ಮಾಡಿ ಎಂಬ ಒಂದು ಸಾಲು ಬಿಟ್ಟು ಬೇರೇನೂ ಇಲ್ಲ. ರೋವೀನಾ ಮಾಡಿದಳು. ಆ ಕಡೆ ಎಳೆ ದನಿಯ ಹುಡುಗಿ.

"ನಿಮ್ಮ ಫೋನ್ ನಂಬರ್ ಹೇಳಿ ಮೇಡಂ."

ಅವಳು ಹೇಳಿದಳು.

"ಈ ನಂಬರಲ್ಲಿ ಖಾತೆ ಇಲ್ವಲ್ಲ."

"ವೆಂಡೆಲ್ ಸ್ಟ್ರೋಥರ್ ಅಂತ ನೋಡಮ್ಮ. ಅವರ ಹೆಸರಲ್ಲೇ ಇರೋದು."

"ಹಾಂ, ಇದೆ. ಹನ್ನೊಂದು ವರ್ಷದ ಹಳೇ ಗ್ರಾಹಕರು. ನಿಮ್ಮ ಮುಂದಿರೋ ರಿಸೀವರಿನ ಹಿಂದಿನ ನಂಬರ್ ಓದ್ತೀರಾ?"

ರೋವೀನಾ ಕನ್ನಡಕ ಏರಿಸಿ, ಬಗ್ಗಿ, ಒಂದೊಂದೇ ಅಂಕಿ ಓದಿದಳು. ಆ ಕಡೆ ಕೀಲಿಗಳ ಸದ್ದು ಕೇಳಿಸಿ ನಿಂತುಹೋಯಿತು. ರೋವೀನಾ ತಡೆಯಲಾರದೆ ಕೇಳಿಬಿಟ್ಟಳು.

"ನೋಡಮ್ಮ, ಶುಲ್ಕ ಎಷ್ಟಾದ್ರೂ ಹಾಕ್ಕೊಳ್ಳಿ, ಕಟ್ತೀನಿ. ನಂಗೆ ಬೇಕಾದ್ದು ಒಂದೇ ಮಾತು. ಆ ಎರಡನೇ ರಿಸೀವರ್ ಯಾರ ಮನೇಲಿದೆ?"

"ಎರಡನೇದು ನೀವೀಗ ಓದಿದ್ದೇ ಮೇಡಂ, ಮೊದಲನೇದು ಓಹಿಯೋದಲ್ಲಿ ಅವರ ಮನೇಲೇ ಇದೆ, ಅಲ್ಲೂ ಟೀವಿ ನಿಂತಿರೋದ್ರಿಂದ ಇದು ಯಾರ ಹತ್ರ ಇದೆ ಅಂತ ಅವರ ಹೆಂಡತಿ ಬೆಳಿಗ್ಗೆಯಿಂದ ಫೋನ್ ಮಾಡಿ ಕೇಳ್ತಾನೇ ಇದಾರೆ. ಅವರಿಗೆ ನೀವು ಯಾರು ಅಂತ ಹೇಳಲಿ?"