ಕರೆದರೆ ಬಾರದ ನಾಯಿ

“ಮೊಂಷಾಕ್” ಎಂದು ಮೂರು ಸಲ ಕರೆದರೂ ನಾಯಿ ಕಿವಿ ಅಲುಗಿಸಲಿಲ್ಲ.

ಸಂಡುಗಾಶ್ ಫೋನಿನಲ್ಲಿ ಅದನ್ನೇ ದಿಟ್ಟಿಸುತ್ತಿದ್ದಳು. ಉದ್ದ ಮೂತಿಯ, ಸಣ್ಣ ನಡುವಿನ ಬೇಟೆನಾಯಿ; ನಾಲ್ಕು ವರ್ಷದ ಹೆಣ್ಣು. ಕಿವುಡಂತೂ ಅಲ್ಲ. ಹೊರಗೆ ಮೆಟ್ಟಿಲ ಮೇಲೆ ಗಂಡಸೊಬ್ಬ ಕೆಮ್ಮಿದರೆ ಸಾಕು, ಬಾಲ ಕಾಲಸಂದಿಗೆ ಸೇರುತ್ತಿತ್ತು. ಮರಿಯಿಂದ ಸಾಕಿದ್ದೇನೆ ಅಂತಾಳೆ, ಫೋನಿನ ಆಚೆ ಕರೆಯುತ್ತಿರುವ ಒಡತಿ. ಆದರೆ ನಾಯಿಗೆ ತನ್ನ ಹೆಸರೇ ಗೊತ್ತಿಲ್ಲ. ಹಾಗಾದರೆ ಅದು ಅದರ ಹೆಸರಲ್ಲ.

ಕರಗಾಂಡ ಪಟ್ಟಣದ ತನ್ನ ಅಡುಗೆಮನೆಯಲ್ಲಿ ಕೂತು ಸಂಡುಗಾಶ್ ಆರು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದಳು. ದೇಶದ ಯಾವುದೋ ಮೂಲೆಯಿಂದ ಜನ ಫೋನಿನಲ್ಲಿ ತಮ್ಮ ನಾಯಿ ತೋರಿಸುವುದು, ಇವಳು ಅದರ ನಡೆ ನೋಡಿ ಪಾಠ ಹೇಳುವುದು. ಚಪ್ಪಲಿ ಕಡಿಯುವ ನಾಯಿ, ಲಿಫ್ಟ್ ಹತ್ತದ ನಾಯಿ, ಅತ್ತೆಯನ್ನು ಕಂಡರೆ ಬೊಗಳುವ ನಾಯಿ. ಈ ಕೊನೆಯದರಲ್ಲಿ ತಪ್ಪು ನಾಯಿಯದಲ್ಲ ಎಂದು ಬರೆದುಕೊಟ್ಟದ್ದೂ ಉಂಟು.

ತಾಲ್ದಿಕೊರ್ಗಾನ್ ಊರಿನ ಈ ಶೋಲ್ಪಾನ್ ಮಾತ್ರ ಬೇರೆ ಥರ. ಮೂರು ವಾರದಲ್ಲಿ ಒಮ್ಮೆಯೂ ಮುಖ ತೋರಿಸಿದವಳಲ್ಲ. ಕ್ಯಾಮೆರಾ ಸದಾ ನಾಯಿಯ ಮೇಲೆ. ಅಂಚಿನಲ್ಲಿ ಅವಳ ಎರಡು ಕೈ. ಬೆಳಗ್ಗೆ ಹನ್ನೊಂದಾದರೂ ಕಿಟಕಿಗೆ ಪರದೆ. ಅವಳಿಗೆ ಬೇಕಾದ ಪಾಠಗಳೂ ಹಾಗೆಯೇ. ಬಾಗಿಲು ತಟ್ಟಿದರೆ ನಾಯಿ ಬೊಗಳಬಾರದು. ಬೀದಿಯಲ್ಲಿ ಯಾರಾದರೂ ಬೇರೆ ಹೆಸರಿನಿಂದ ಕರೆದರೆ ತಿರುಗಬಾರದು.

ಸಾಕಿದವರು ಕೇಳುವ ಮಾತೇ ಇದು? ಏಳು ವರ್ಷದ ಹಿಂದೆ ಸಂಡುಗಾಶಳ ಅಂಗಳದಿಂದ ಇಂಥದೇ ನಾಯಿಯನ್ನು ಯಾರೋ ಬೇಲಿ ಕತ್ತರಿಸಿ ಹೊತ್ತೊಯ್ದಿದ್ದರು. ಅದು ಮತ್ತೆ ಸಿಗಲಿಲ್ಲ. ಈಗ ಎಲ್ಲೋ, ಯಾವುದೋ ಹೆಸರಿಗೆ ಓಗೊಡುತ್ತಿರಬಹುದು ಎಂದು ನೆನೆದಾಗಲೆಲ್ಲ ಅವಳು ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸುತ್ತಿದ್ದಳು.

ಆ ಮಧ್ಯಾಹ್ನವೇ ಅವಳು ಕಳೆದುಹೋದ ನಾಯಿಗಳ ಗುಂಪುಗಳನ್ನೆಲ್ಲ ಜಾಲಾಡಿದಳು. ಸಿಕ್ಕಿತು. ದೂರದ ಕಿಜಿಲೊರ್ದಾ ಊರಿನ ಕೈರ್ಬೆಕ್ ಎಂಬವನು ಎರಡು ತಿಂಗಳ ಹಿಂದೆ ಹಾಕಿದ್ದ ಅದೇ ನಾಯಿಯ ಚಿತ್ರ. ಎದೆಯ ಮೇಲೆ ಬಿಳಿ ಮಚ್ಚೆ, ಎಡಗಿವಿಯ ತುದಿ ಹರಿದಿದೆ, ಹೆಸರು ಕರಾಗೋಜ್.

ಮರುದಿನ ಪಾಠದ ನಡುವೆ, ಏನೂ ಅರಿಯದವಳಂತೆ, ಮೆಲ್ಲಗೆ “ಕರಾಗೋಜ್” ಎಂದಳು. ನಾಯಿ ಎದ್ದು ಫೋನಿನ ಹತ್ತಿರಕ್ಕೇ ಬಂದು ಮೂಸಿತು. ಶೋಲ್ಪಾನಳ ಕೈ ಕ್ಯಾಮೆರಾದ ಮೇಲೆ ಬಿತ್ತು. ಕರೆ ಕಡಿದುಹೋಯಿತು.

ಸಂಡುಗಾಶ್ ಕೈರ್ಬೆಕನಿಗೆ ಫೋನು ಮಾಡಿದಳು. ನಾಯಿ ಒಬ್ಬ ಹೆಂಗಸಿನ ಹತ್ತಿರ ಇದೆ, ಮೂರು ವಾರದಿಂದ ನೋಡುತ್ತಿದ್ದೇನೆ ಎಂದಳು. ಅವನು ಕೂಗಾಡಲಿಲ್ಲ. ಮೆತ್ತಗೆ ಕೇಳಿದ: “ಹೇಗಿದ್ದಾಳೆ? ಸೊರಗಿದ್ದಾಳಾ?”

ನಾಯಿಯನ್ನು ‘ಅದು’ ಎನ್ನದೆ ‘ಅವಳು’ ಎನ್ನುವ ಗಂಡಸರು ಅಪರೂಪ. ಸಂಡುಗಾಶಳಿಗೆ ಅವನು ಅಲ್ಲೇ ಹಿಡಿಸಿಬಿಟ್ಟ.

“ಇಲ್ಲ ಅಣ್ಣ, ಮೈ ತುಂಬ್ಕೊಂಡಿದ್ದಾಳೆ. ಆದ್ರೆ ತುಂಬಾ ಹೆದರ್ತಾಳೆ.”

“ಜೊತೆಗೆ ಬೇರೆ ಯಾರಾದ್ರೂ ಇದ್ದಾರಾ?”

“ಕಂಡಿಲ್ಲ. ಮನೇಲಿ ಇರೋದು ಅವರಿಬ್ಬರೇ.”

ಪೊಲೀಸರಿಗೆ ತಿಳಿಸೋಣವೇ ಎಂದಾಗ ಅವನು ಬೇಡವೆಂದ. “ಮನೆ ವಿಷಯ ಬೀದಿಗೆ ಯಾಕೆ? ನನ್ನದನ್ನ ನಾನೇ ಹೋಗಿ ಕರ್ಕೊಂಡು ಬರ್ತೀನಿ. ವಿಳಾಸ ಒಂದು ಕೊಡಿ, ತಂಗಿ.”

ವಿಳಾಸ ಸಂಡುಗಾಶಳ ಹತ್ತಿರ ಇರಲಿಲ್ಲ. ಎರಡು ದಿನ ಬಿಟ್ಟು ಶೋಲ್ಪಾನ್ ತಾನಾಗಿಯೇ ಕರೆ ಮಾಡಿ, ಮೊನ್ನೆ ನೆಟ್‌ವರ್ಕ್ ಕೈಕೊಟ್ಟಿತು ಎಂದಳು. ಸಂಡುಗಾಶ್ ನಂಬಿದಂತೆ ತಲೆಯಾಡಿಸಿದಳು. ಪಾಠ ನಾಯಿಯ ತಲೆಗೆ ಹತ್ತಬೇಕಾದರೆ ಉದ್ದನೆಯ ಹಗ್ಗ ಬೇಕು, ತನ್ನಲ್ಲಿ ಒಂದು ಹೆಚ್ಚಿಗೆ ಇದೆ, ಅಂಚೆಯಲ್ಲಿ ಕಳಿಸುತ್ತೇನೆ ಎಂದಳು. ಆಚೆ ಕಡೆ ಆ ಎರಡು ಕೈಗಳು ಒಂದನ್ನೊಂದು ಹಿಸುಕಿಕೊಂಡವು. ನಾಯಿ ಬಂದು ಅವುಗಳ ಮೇಲೆ ಮೂತಿ ಇಟ್ಟಿತು.

“ಬೇರೆ ಯಾರಿಗೂ ಕೊಡ್ಬೇಡಿ, ಅಕ್ಕಾ” ಎಂದು ಶೋಲ್ಪಾನ್ ಬೀದಿ, ಕಟ್ಟಡ, ಬಾಗಿಲ ಸಂಖ್ಯೆ ಹೇಳಿದಳು.

“ನಾನ್ಯಾಕೆ ಕೊಡ್ಲಿ?” ಎಂದಳು ಸಂಡುಗಾಶ್. ಬರೆದುಕೊಂಡ ಕೈಯಲ್ಲೇ ಅದನ್ನು ಕಿಜಿಲೊರ್ದಾಕ್ಕೆ ಕಳಿಸಿದಳು.

ಕೈರ್ಬೆಕ್ ರೈಲು ಹತ್ತಿದ. ಗುರುವಾರ ಹನ್ನೊಂದಕ್ಕೆ ತಲುಪುತ್ತೇನೆ, ಅವಳು ಎಲ್ಲೂ ಹೋಗದಂತೆ ಮಾತಿನಲ್ಲಿ ಹಿಡಿದಿಡಿ ಎಂದು ಸಂದೇಶ ಕಳಿಸಿದ. ಸಂಡುಗಾಶ್ ಗುರುವಾರ ಹನ್ನೊಂದಕ್ಕೇ ಪಾಠ ಇಟ್ಟಳು. ಏಳು ವರ್ಷದಲ್ಲಿ ಮೊದಲ ಸಲ ಅವಳಿಗೆ ಎದೆ ಹಗುರಾಗಿತ್ತು. ನಾಯಿ ತನ್ನ ಒಡೆಯನನ್ನು ಕಂಡು ಹಾರಿ ಅವನ ಮುಖ ನೆಕ್ಕುವುದನ್ನು ಕಣ್ಣಾರೆ ನೋಡಬೇಕಿತ್ತು.

ಅವತ್ತು ಶೋಲ್ಪಾನ್ ಖುಷಿಯಲ್ಲಿದ್ದಳು. ನಿನ್ನೆ “ಮೊಂಷಾಕ್” ಎಂದಾಗ ನಾಯಿ ಎರಡು ಸಲ ತಿರುಗಿತಂತೆ. ಅದಕ್ಕೆ ಬೌರ್ಸಾಕ್ ಎಂಬ ಹಿಟ್ಟಿನುಂಡೆ ಕರಿದು ಒಂದು ಚೂರು ತಿನ್ನಿಸಿದಳಂತೆ, ತಪ್ಪಾಯಿತೇ ಎಂದು ಕೇಳುತ್ತಿದ್ದಳು. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ನಾಯಿ ಬೊಗಳಲಿಲ್ಲ.

ಕೈಗಳು ನಿಶ್ಚಲವಾದವು. ಶೋಲ್ಪಾನ್ ಪಿಸುಗುಟ್ಟಿದಳು: “ಇದು ಪಾಠದ್ದಾ, ಅಕ್ಕಾ? ನೀವೇ ಯಾರನ್ನಾದ್ರೂ ಕಳಿಸಿದ್ರಾ?”

“ಹೂಂ, ನಾನೇ ಕಳಿಸಿದ್ದು. ಹೋಗಿ ತೆಗಿ.”

ಚಿಲಕ ಸರಿದ ಸದ್ದು. ಧೂಳು ಹಿಡಿದ ಬೂಟುಗಳು ಒಳಗೆ ಬಂದವು. ನಾಯಿ ಹಾರಲಿಲ್ಲ, ಬಾಲ ಆಡಿಸಲಿಲ್ಲ. ಹೊಟ್ಟೆ ನೆಲಕ್ಕೆ ಒತ್ತಿಕೊಂಡು ತೆವಳಿ ಮೇಜಿನ ಕೆಳಗೆ ಸೇರಿತು, ಹಾದಿಯುದ್ದಕ್ಕೂ ಉಚ್ಚೆ. ಆರು ವರ್ಷದಲ್ಲಿ ನೂರಾರು ನಾಯಿಗಳನ್ನು ಓದಿದ್ದ ಸಂಡುಗಾಶ್ ಈ ನಾಯಿಯನ್ನೂ ಓದಿದಳು. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಶೋಲ್ಪಾನ್, ಶೋಲ್ಪಾನ್ ಎಂದು ಕರೆಯತೊಡಗಿದಳು. ಆ ಹೆಸರಿಗೆ ಅಲ್ಲಿ ಯಾರೂ ತಿರುಗಲಿಲ್ಲ.

ಕೈರ್ಬೆಕ್ ಮೇಜಿನ ಕೆಳಗೆ ಬಗ್ಗಿಯೂ ನೋಡದೆ, ಮೆತ್ತಗೆ ಹೇಳಿದ: “ನಾಯಿ ಇಲ್ಲೇ ಬಿದ್ದಿರಲಿ, ಬಾತಿಮಾ. ನೀನು ನಡಿ ಮನೆಗೆ.”